ಬಿತ್ತಿನ ಮುಡಿಗೆ ಬಿಸಿಲು

ಇನ್ನಂಜೆಯ ಸುಗಂಧಿಯ ಅಡುಗೆಮನೆಯಲ್ಲಿ ಒಲೆ ಆರಿದ ವರ್ಷವೇ ಬಿತ್ತಿನ ಮುಡಿಗೆ ಹುಳ ಹಿಡಿಯಿತು. ಎರಡಕ್ಕೂ ಸಂಬಂಧವಿದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದದ್ದು ಸರಿಯಾದ ಹೊತ್ತಿಗೆ ಹೊಳೆಯುವುದಾದರೆ ಮನುಷ್ಯರು ಇಷ್ಟೊಂದು ಹಣೆ ಚಚ್ಚಿಕೊಳ್ಳುವ ಪ್ರಮೇಯವೇ ಬರುತ್ತಿರಲಿಲ್ಲ.

ಸುಗಂಧಿಗೆ ಎರಡು ಮಳೆಗಾಲದಿಂದ ಕೆಮ್ಮು. ಮಣಿಪಾಲದ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, "ಇನ್ನು ಹೊಗೆ ಕುಡಿಯಬೇಡಿ ಅಮ್ಮಾ" ಎಂದರು. ತನ್ನನ್ನು ಬೀಡಿ ಸೇದುವವಳೆಂದು ತಿಳಿದರೋ ಎಂದು ಅವಳಿಗೆ ಕೋಪವೇ ಬಂತು. ಡಾಕ್ಟರು ಹೇಳಿದ್ದು ಒಲೆಯ ಹೊಗೆ. ಮಗಳು ಚೈತಾಲಿ ಮಣಿಪಾಲದಲ್ಲೇ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳು ಅದೇ ವಾರ ಮೇಸ್ತ್ರಿಯನ್ನು ಕರೆಸಿ, ಮಣ್ಣಿನ ಒಲೆ ಒಡೆಸಿ, ಗೋಡೆಗೆ ಬಿಳಿ ಟೈಲ್ಸ್ ಹಾಕಿಸಿ, ಗ್ಯಾಸ್ ಇಡಿಸಿದಳು. ಕೆಮ್ಮು ಕಡಿಮೆಯಾಯಿತು. ಒಲೆಯ ಮೇಲಿದ್ದ ಅಟ್ಟ ಮಾತ್ರ ಇದ್ದ ಹಾಗೆಯೇ ಉಳಿಯಿತು, ಅದರಲ್ಲಿದ್ದ ಬಿತ್ತಿನ ಮುಡಿಯೂ.

ಬೈಹುಲ್ಲನ್ನು ಹಾಸಿ, ನಡುವೆ ಬಿತ್ತಿನ ಭತ್ತ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತ ಬಿಗಿದು ದುಂಡಗೆ ಕಟ್ಟಿದ್ದೇ ಮುಡಿ. ಈಗ ಹಾಗೆ ಕಟ್ಟಲು ಬರುವವರೂ ಕಡಿಮೆ, ಕಟ್ಟುವುದಕ್ಕೆ ಉದ್ದದ ಹುಲ್ಲೂ ಕಡಿಮೆ. ಸುಗಂಧಿಯ ಮನೆಯಲ್ಲಿ ಒಂದೇ ಒಂದು ಮುಡಿ ಇತ್ತು. ಅದರೊಳಗಿದ್ದದ್ದು ಹೊಳೆಕಜೆ. ಆ ಹೆಸರು ಯಾವ ಸೊಸೈಟಿಯಲ್ಲೂ ಇಲ್ಲ, ಅವಳ ಅಜ್ಜಿಯ ಕಾಲದಿಂದ ಮನೆಯವರು ಹಾಗೆ ಕರೆಯುತ್ತ ಬಂದದ್ದು. ಕೆಂಪು ಅಕ್ಕಿ, ದಪ್ಪ ಕಾಳು, ನೋಡಲಿಕ್ಕೆ ಅಂಥ ಚಂದವೇನಲ್ಲ. ಆದರೆ ಹೊಳೆ ಬದಿಯ ಅವಳ ಗದ್ದೆಗೆ, ಕಡಲು ಉಬ್ಬಿ ಬರುವ ಭರತದ ದಿನ, ಉಪ್ಪುನೀರು ನುಗ್ಗಿದರೂ ನಿಂತು ಬೆಳೆಯುವ ಭತ್ತ ಅದೊಂದೇ. ಒಂದು ವರ್ಷ ಅರ್ಧ ಗದ್ದೆಗೆ ಸೊಸೈಟಿಯ ಬೀಜ ಹಾಕಿ ನೋಡಿದ್ದಳು. ನೆಟ್ಟ ಪೈರೆಲ್ಲ ತುದಿಯಿಂದ ಸುಟ್ಟುಕೊಂಡು ಬಂದು ಬುಡದಲ್ಲೇ ಮಲಗಿತು. ಸುತ್ತಲಿನವರು ಒಬ್ಬೊಬ್ಬರಾಗಿ ಬೇಸಾಯ ಬಿಟ್ಟರು. ಗದ್ದೆಗಳು ಬಿತ್ತನೆಯಿಲ್ಲದೆ ಹಡಿಲು ಬಿದ್ದವು, ಹಡಿಲು ಬಿದ್ದಲ್ಲಿ ಕೆಂಪು ಮಣ್ಣು ಬಂತು, ಮಣ್ಣಿನ ಮೇಲೆ ಮನೆ ಬಂತು. ಉಳಿದದ್ದು ಸುಗಂಧಿಯ ಗದ್ದೆ.

ಅದೂ ಅವಳೊಬ್ಬಳದ್ದಲ್ಲ, ಅಮ್ಮ ಹೆಣ್ಣುಮಕ್ಕಳಿಬ್ಬರಿಗೆ ಬಿಟ್ಟುಹೋದದ್ದು. ಅರ್ಧ ಪಾಲು ತೀರಿಹೋದ ತಂಗಿಯದ್ದು, ಎಂದರೆ ತಂಗಿಯ ಮಗ ಸುಕೇಶನದ್ದು. ಸುಕೇಶ ಕಾಪು ಲೈಟ್‌ಹೌಸಿನ ಹತ್ತಿರ ಜ್ಯೂಸ್ ಅಂಗಡಿ ಇಟ್ಟಿದ್ದಾನೆ. ಕಡಲು ನೋಡಲಿಕ್ಕೆ ಬಂದವರು ರಾತ್ರಿ ಉಳಿಯಲು ಜಾಗ ಕೇಳುತ್ತಾರೆ, ಒಂದು ಹೋಮ್‌ಸ್ಟೇ ಕಟ್ಟಬೇಕು ಎನ್ನುವುದು ಅವನ ಆಸೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳ ಮಾಡಿಯಾದರೂ ಸುಗಂಧಿ ಹಗುರವಾಗುತ್ತಿದ್ದಳು. ಬಿಸು ಹಬ್ಬದ ದಿನ ಹಣ್ಣು ಹಿಡಿದುಕೊಂಡು ಬಂದು, ಜಗಲಿಯಲ್ಲಿ ಕೂತು, ತಲೆ ತಗ್ಗಿಸಿಯೇ ಹೇಳಿದ್ದ.

"ನೀವು ಬೆಳೆ ತೆಗೆಯುವಷ್ಟು ವರ್ಷ ನಾನು ಬಾಯಿ ತೆರೆಯುವುದಿಲ್ಲ ದೊಡ್ಡಮ್ಮ. ಹಡಿಲು ಬಿದ್ದ ವರ್ಷ ಮಣ್ಣು ತುಂಬಿಸ್ತೇನೆ. ಆಗ ನೀವು ಬೇಡ ಹೇಳ್ಬಾರದು."

"ಆಗ ಯಾಕೆ ಬೇಡ ಹೇಳ್ತೇನೆ? ತುಂಬಿಸು" ಎಂದಿದ್ದಳು ಸುಗಂಧಿ. ಅಷ್ಟು ಧೈರ್ಯ ಅವಳಿಗೆ. ಅಟ್ಟದಲ್ಲಿ ಮುಡಿ ಇತ್ತಲ್ಲ.

ಬಿಸು ಕಳೆದು ಸ್ವಲ್ಪ ದಿನಕ್ಕೆ ಅಡುಗೆಮನೆಯ ಬಿಳಿ ಟೈಲ್ಸಿನ ಮೇಲೆ ಸಣ್ಣ ಸಣ್ಣ ಚಿಟ್ಟೆಗಳು ಕೂರತೊಡಗಿದವು. ಹೊಟ್ಟಿನ ಬಣ್ಣದವು, ಒರೆಸಿದರೆ ಬೆರಳಿಗೆ ಪುಡಿ ಅಂಟುವಂಥವು. ದೀಪಕ್ಕೆ ಬಂದದ್ದು ಎಂದುಕೊಂಡು ಚೈತಾಲಿ ಒರೆಸಿದಳು. ಮರುದಿನ ಇನ್ನಷ್ಟು. ಸುಗಂಧಿ ಏಣಿ ಹತ್ತಿ ಮುಡಿಗೆ ಕೈ ತಾಗಿಸಿದ್ದೇ ತಡ, ಹುಲ್ಲಿನ ಸಂದಿನಿಂದ ಒಂದು ಹಿಂಡು ಎದ್ದು ಅವಳ ಮುಖಕ್ಕೇ ಬಡಿಯಿತು.

ಮುಡಿ ಕೆಳಗಿಳಿಸಿ ಬಿಚ್ಚಿ ಮೊರಕ್ಕೆ ಸುರಿದರು. ಕೆಲವು ಕಾಳಿಗೆ ಸೂಜಿ ಚುಚ್ಚಿದಂಥ ತೂತು, ಒಳಗೆ ಖಾಲಿ. ಹೆಚ್ಚಿನವು ಇನ್ನೂ ಗಟ್ಟಿಯಾಗಿದ್ದವು. ಆದರೆ ಗಟ್ಟಿ ಕಾಣುವ ಕಾಳಿನೊಳಗೂ ಹುಳದ ಮರಿ ಇರಬಹುದಲ್ಲ.

"ಇಷ್ಟು ವರ್ಷ ಒಂದು ಹುಳ ಬರಲಿಲ್ಲ. ಈಗ ಎಂತ ಆಯ್ತು ಇದಕ್ಕೆ?" ಎಂದಳು ಸುಗಂಧಿ. ಕೇಳಿ ಮುಗಿಯುವ ಮೊದಲೇ ತಲೆಯೆತ್ತಿ ಅಟ್ಟ ನೋಡಿದಳು, ಆಮೇಲೆ ಗ್ಯಾಸ್ ನೋಡಿದಳು. ಹೊಗೆಯಿಲ್ಲದ ಅಟ್ಟದಲ್ಲಿ ಹುಳಕ್ಕೇನು ಭಯ. ಮಗಳ ಮುಖ ಸಣ್ಣದಾದದ್ದನ್ನು ಕಂಡು ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಚೈತಾಲಿ ಸುಮ್ಮನೆ ಕೂರುವವಳಲ್ಲ. ಅಂಗಡಿಯಲ್ಲಿದ್ದುಕೊಂಡೇ ಅವರಿವರಿಗೆ ಫೋನು ಮಾಡಿ, ಕೊನೆಗೆ ಭತ್ತದ ವಿಷಯ ಓದಿದ ಒಬ್ಬರನ್ನು ಹಿಡಿದಳು. ಅವರು ವಿಷವೂ ಬೇಡ, ಮಾತ್ರೆಯೂ ಬೇಡ, ಬಿಸಿಲು ಸಾಕು ಎಂದರಂತೆ. ಅಂಗಳದಲ್ಲಿ ಕಪ್ಪು ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಚೆನ್ನಾಗಿ ಒಣಗಿದ ಭತ್ತವನ್ನು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ, ಅಂಚಿಗೆ ಕಲ್ಲು ಇಡಬೇಕು. ಒಳಗೆ ಬಿಸಿ ಏರುತ್ತದೆ, ಹುಳವೂ ಮೊಟ್ಟೆಯೂ ಸಾಯುತ್ತವೆ. ಊಟದ ಅಕ್ಕಿಯಾದರೆ ಎಷ್ಟು ಹೊತ್ತು ಬಿಟ್ಟರೂ ನಡೆಯುತ್ತದೆ, ಬಿತ್ತಾದರೆ ಹದ ನೋಡಿ ಬೇಗ ತೆಗೆಯಬೇಕು. ಅವರು ಕಳಿಸಿದ ವಾಯ್ಸ್ ಮೆಸೇಜನ್ನು ಚೈತಾಲಿ ರಾತ್ರಿ ಊಟದ ಹೊತ್ತಿಗೆ ಎಲ್ಲರಿಗೂ ಕೇಳಿಸಿದಳು.

ಎಲ್ಲರೂ ಎಂದರೆ ಮೂವರು. ಮೂರನೆಯವರು ಸುಗಂಧಿಯ ಅಣ್ಣ ಭೋಜ. ಕಾರ್ಕಳದ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಟ್ಯಾಂಕಿಯ ಮುಂದೆ ಆಯುಷ್ಯ ಕಳೆದವರು. ಮದುವೆಯಾಗಲಿಲ್ಲ. ಮಂಡಿ ಕೈಕೊಟ್ಟ ಮೇಲೆ ತಂಗಿಯ ಮನೆಗೆ ಬಂದರು. ತಂಗಿ ಒಂದು ದಿನವೂ ಮುಖ ಸಿಂಡರಿಸಲಿಲ್ಲ, ಅದೇ ಅವರಿಗೆ ಭಾರವಾಗಿತ್ತು. ಕೂತು ಉಣ್ಣುವ ಸಂಕಟ ಕೂತು ಉಂಡವರಿಗೇ ಗೊತ್ತು. ತೆಂಗಿನಕಾಯಿ ಸುಲಿಯುವುದು, ಬಾವಿಕಟ್ಟೆ ತಿಕ್ಕುವುದು, ಯಾರೂ ಹೇಳದ ಕೆಲಸವನ್ನೆಲ್ಲ ಹುಡುಕಿ ಹುಡುಕಿ ಮಾಡುತ್ತಿದ್ದರು. ಮಿಲ್ಲಿನ ಸುದ್ದಿ ಬಂದರೆ ಮಾತ್ರ ಅವರ ಎದೆ ಒಂದು ಗೇಣು ಮುಂದೆ ಬರುತ್ತಿತ್ತು. ಹಬೆಯ ವಾಸನೆಯಲ್ಲೇ ಭತ್ತ ಎಷ್ಟು ಬೆಂದಿತೆಂದು ಹೇಳುತ್ತಿದ್ದರಂತೆ, ಕಾರ್ಕಳದ ಸಾಹುಕಾರರು ಅವರು ಹೂಂ ಎನ್ನದೆ ಟ್ಯಾಂಕಿ ಬಿಚ್ಚುತ್ತಿರಲಿಲ್ಲವಂತೆ.

ವಾಯ್ಸ್ ಮೆಸೇಜು ಮುಗಿದಾಗ ಭೋಜ ಮೂಗಿನಲ್ಲೇ ನಕ್ಕರು.

"ಒಣ ಭತ್ತಕ್ಕೆ ಬಿಸಿ ಒಳಗೆ ಹೋಗುವುದಿಲ್ಲ ಮಾರಾಯ್ತಿ. ಸಿಪ್ಪೆ ಕಾಯ್ತದೆ, ಅಷ್ಟೆ. ಹುಳ ಇರುವುದು ಕಾಳಿನ ಹೊಟ್ಟೆಯಲ್ಲಿ ಅಲ್ವಾ?"

"ಅವರು ಓದಿದವರು ಮಾವ" ಎಂದಳು ಚೈತಾಲಿ.

"ಓದಲಿ. ನಾನು ಬೇಡ ಹೇಳಿದೆನಾ?" ಎಂದು ಭೋಜ ಮಜ್ಜಿಗೆ ಸುರಿದುಕೊಂಡರು. ತಾಯಿ ಮಗಳಿಬ್ಬರೂ ಆ ಮಾತನ್ನು ಅಲ್ಲಿಗೇ ಮರೆತರು.

ಮೋಡ ಇಲ್ಲದ ದಿನ ಬೇಕಿತ್ತು. ಸಿಕ್ಕಿದ ದಿನ ಕಡಿಯಾಳಿಯಲ್ಲಿ ಸುಗಂಧಿಯ ಗಂಡನ ಕಡೆಯವರ ಮದುವೆ. ಗಂಡ ಹೋದ ಮೇಲೆ ಆ ಮನೆಯವರ ಸಂಬಂಧ ಉಳಿದದ್ದೇ ಇಂಥ ಮದುವೆ ಮುಂಜಿಗಳಲ್ಲಿ, ತಪ್ಪಿಸುವ ಹಾಗಿರಲಿಲ್ಲ. ಚೈತಾಲಿಗೆ ಡ್ಯೂಟಿ. ಬೆಳಿಗ್ಗೆ ಮೂವರೂ ಸೇರಿ ಅಂಗಳದಲ್ಲಿ ಕಪ್ಪು ಪ್ಲಾಸ್ಟಿಕ್ ಹಾಸಿದರು, ಭತ್ತ ಹರಡಿದರು. ಚೈತಾಲಿ ಅಂಗಡಿಯ ಮೂಲಕ ತರಿಸಿದ ಲ್ಯಾಬಿನ ಥರ್ಮಾಮೀಟರನ್ನು ಮಾವನ ಕೈಗೆ ಕೊಟ್ಟು, ಎಲ್ಲಿಗೆ ಬಂದರೆ ತೆಗೆಯಬೇಕೆಂದು ಪೆನ್ನಿನಲ್ಲಿ ಗುರುತು ಮಾಡಿ ತೋರಿಸಿದಳು.

"ನೋಡಿಕೊಳ್ತೀರಲ್ಲ ಅಣ್ಣ?" ಎಂದಳು ಸುಗಂಧಿ, ಸೀರೆಯ ನೆರಿಗೆ ಹಿಡಿದುಕೊಂಡು. "ನನಗಿರುವುದು ಇದೊಂದೇ."

"ನಾನಿದ್ದೇನಲ್ಲ. ನೀನು ಊಟ ಮಾಡಿಕೊಂಡು ಬಾ."

ಇಬ್ಬರ ಬಸ್ಸೂ ಹೋಯಿತು. ಭೋಜ ಜಗಲಿಯಲ್ಲಿ ಕುರ್ಚಿ ಹಾಕಿ ಕೂತರು. ಬಿಸಿಲು ಏರಿತು, ಪ್ಲಾಸ್ಟಿಕ್ಕಿನ ಒಳಗೆ ಥರ್ಮಾಮೀಟರು ಗುರುತಿನ ಹತ್ತಿರ ಬಂತು. ಅವರು ಪ್ಲಾಸ್ಟಿಕ್ಕಿನ ಅಂಚೆತ್ತಿ ಒಂದು ಹಿಡಿ ಭತ್ತ ತೆಗೆದರು. ಅಂಗೈ ಸುಟ್ಟಿತು. ಒಂದು ಕಾಳನ್ನು ಉಗುರಿನಿಂದ ಬಿಡಿಸಿದರೆ ಒಳಗೆ ಬಿಳೀ ಮರಿಯೊಂದು ಇನ್ನೂ ಮಿಸುಕುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಅದೂ ಸಾಯುತ್ತಿತ್ತು. ಆದರೆ ಭೋಜರಿಗೆ ಅದು ತಾನು ಹೇಳಿದ್ದಕ್ಕೆ ಸಿಕ್ಕಿದ ಸಾಕ್ಷಿಯಾಗಿ ಕಂಡಿತು. ನೋಡಿ, ಬಿಸಿ ಒಳಗೆ ಹೋಗಲಿಲ್ಲ.

ಒಣ ಭತ್ತಕ್ಕೆ ಹಬೆ ಹಿಡಿಯುವುದಿಲ್ಲ, ನೆನೆದ ಭತ್ತಕ್ಕೆ ಹಿಡಿಯುತ್ತದೆ: ಮಿಲ್ಲಿನಲ್ಲಿ ಮೊದಲ ದಿನ ಕಲಿತದ್ದು. ಭೋಜ ಎದ್ದು ಬಾವಿಯಿಂದ ನೀರು ಸೇದಿದರು. ಮಂಡಿ ನೋವಿನಲ್ಲೇ ಕೊಡ ಕೊಡ ಹೊತ್ತು ತಂದು, ಭತ್ತವನ್ನು ದೊಡ್ಡ ಪಾತ್ರೆಯಲ್ಲಿ ನೆನೆಸಿ, ನೀರು ಬಸಿದು, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ತೆಳ್ಳಗಲ್ಲ, ದಪ್ಪಗೆ ರಾಶಿ ಮಾಡಿದರು. ದಪ್ಪಗಿದ್ದರಲ್ಲವೇ ಬಿಸಿ ಕೂರುವುದು. ಮೇಲೆ ಪ್ಲಾಸ್ಟಿಕ್ ಮುಚ್ಚಿ ಸುತ್ತ ಕಲ್ಲಿನ ಬದಲು ಒದ್ದೆ ಮಣ್ಣು ಮೆತ್ತಿದರು, ಉಸಿರು ಹೊರಗೆ ಹೋಗದ ಹಾಗೆ. ಥರ್ಮಾಮೀಟರನ್ನು ಒರೆಸಿ ಜೇಬಿಗೆ ಹಾಕಿದರು. ಅದೆಲ್ಲ ಕೈಗುಣ ಇಲ್ಲದವರಿಗೆ.

ಪ್ಲಾಸ್ಟಿಕ್ಕಿನ ಒಳಬದಿ ಬೆವರಿತು, ಹನಿ ಜಾರಿತು, ಮತ್ತೆ ಬೆವರಿತು. ಎಷ್ಟೋ ವರ್ಷದ ಮೇಲೆ ಭೋಜರಿಗೆ ಒಂದು ಕೆಲಸ ಸಿಕ್ಕಿತ್ತು. ಅವರು ಊಟಕ್ಕೂ ಏಳಲಿಲ್ಲ. ಬಿಸಿಲು ಓರೆಯಾಗತೊಡಗಿದಾಗ ಮುಚ್ಚಿಗೆ ತೆಗೆದರು. ಗಪ್ಪೆಂದು ಹಬೆ ಎದ್ದಿತು. ಅಡಿಯಲ್ಲಿ ನೂರಾರು ಹುಳ ಕಪ್ಪಾಗಿ ಸತ್ತು ಬಿದ್ದಿದ್ದವು. ಭತ್ತವನ್ನು ಕಾದ ಅಂಗಳದಲ್ಲಿ ತೆಳ್ಳಗೆ ಎಳೆದು, ತಿರುವಿ ತಿರುವಿ ಒಣಗಿಸಿದರು. ಸುಗಂಧಿ ಮದುವೆ ಮನೆಯ ಸಿಹಿಯ ಪೊಟ್ಟಣ ಹಿಡಿದುಕೊಂಡು ಗೇಟು ತೆರೆಯುವಾಗ ಭತ್ತ ಗಲಗಲ ಎನ್ನುತ್ತಿತ್ತು.

"ಒಂದು ಹುಳ ಉಳಿದಿದ್ದರೆ ತೋರಿಸು" ಎಂದರು ಭೋಜ.

ಸುಗಂಧಿ ಹತ್ತು ಕಾಳು ಬಿಡಿಸಿ ನೋಡಿದಳು. ಒಂದೂ ಇರಲಿಲ್ಲ. "ಅಣ್ಣ, ನೀವಿಲ್ಲದಿದ್ದರೆ ಎಂತ ಮಾಡುತ್ತಿದ್ದೆ ನಾನು" ಎಂದಳು. ಭೋಜರ ಕಣ್ಣು ತುಂಬಿತು. ಮುಖ ತಿರುಗಿಸಿ ಪ್ಲಾಸ್ಟಿಕ್ ಮಡಚಲು ಹೋದರು. ಅಂಥ ಸಂತೋಷದ ಸಂಜೆ ಆ ಮನೆಗೆ ಆಮೇಲೆ ಬರಲಿಲ್ಲ.

ಬೇಸಿಗೆಯ ಕೋಲ ನೇಮಗಳು ಮುಗಿಯುವ ಪತ್ತನಾಜೆ ಕಳೆಯಿತು, ಮಳೆ ಶುರುವಾಯಿತು. ಸುಗಂಧಿ ಭತ್ತವನ್ನು ರಾತ್ರಿಯಿಡೀ ನೆನೆಸಿ, ಗೋಣಿಚೀಲದಲ್ಲಿ ಕಟ್ಟಿ, ಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರಿದಳು. ಮೊಳಕೆ ಬಂದ ಮೇಲೆ ಕೆಸರಿನಲ್ಲಿ ಚೆಲ್ಲಿದರೆ ನೇಜಿ ಎದ್ದು ಬರುತ್ತದೆ, ಅದನ್ನು ಕಿತ್ತು ಗದ್ದೆಗೆ ನೆಡುವುದು. ಟಿಲ್ಲರಿನವನಿಗೂ ಹೇಳಿಯಾಗಿತ್ತು. ಎರಡನೆಯ ದಿನ ಚೀಲದ ಬಾಯಿ ಬಿಚ್ಚಿ ನೋಡಿದಳು, ಏನೂ ಇರಲಿಲ್ಲ. ಥಂಡಿ ಹೆಚ್ಚಾಯಿತೇನೋ ಎಂದು ಇನ್ನಷ್ಟು ಹುಲ್ಲು ಹಾಕಿದಳು. ಮೂರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ಕೈ ಹಾಕಿದರೆ ಕಾಳುಗಳು ಲೋಳೆ ಲೋಳೆಯಾಗಿ ಬೆರಳಿಗೆ ಅಂಟಿದವು.

"ಅಣ್ಣಾ, ಇಲ್ಲಿ ಬನ್ನಿ ಒಮ್ಮೆ."

ಭೋಜ ಬಂದು ಬಗ್ಗಿದರು. ಚೀಲದ ಬಾಯಿಯಿಂದ ಬಂದ ವಾಸನೆಗೆ ಅವರು ಬಗ್ಗಿದಲ್ಲೇ ನಿಂತರು. ಆ ಹುಳಿಯ ಕೆಳಗಿದ್ದದ್ದು ಟ್ಯಾಂಕಿಯ ವಾಸನೆ. ಒಂದು ಕಾಳು ತೆಗೆದು, ಸಿಪ್ಪೆ ಸುಲಿದು, ಬೆಳಕಿಗೆ ಹಿಡಿದರು. ಕುಚ್ಚಲಕ್ಕಿಯ ಹಾಗೆ ಗಾಜುಗಾಜಾಗಿತ್ತು. ಇನ್ನೊಂದು ಸುಲಿದರು. ಮತ್ತೊಂದು. ಬೇಯಿಸಿದ ಭತ್ತ ಹುಟ್ಟುವುದಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲೋಡುಗಟ್ಟಲೆ ಭತ್ತ ಬೇಯಿಸಿದ ಕೈ ಅದು. ಆದರೆ ಆ ಕೈಗೆ ಬಂದ ಭತ್ತವೆಲ್ಲ ಊಟಕ್ಕೆ ಹೋಗುವುದೇ ಆಗಿತ್ತು. ಬಿತ್ತಲಿಕ್ಕೆ ಹೋಗುವ ಭತ್ತ ಒಂದು ದಿನವೂ ಅವರ ಮುಂದೆ ಬಂದಿರಲಿಲ್ಲ.

"ನಾನು ನೀರು ಹಾಕಿದೆ ಸುಗಂಧಿ" ಎಂದರು.

"ಎಂತ?"

"ಅವತ್ತು. ಬಿಸಿಲಿಗಿಡುವಾಗ. ಬಿಸಿ ಒಳಗೆ ಹೋಗಲಿ ಅಂತ ನೆನೆಸಿದೆ. ಬೆಂದಿದೆ ಇದು. ಎಲ್ಲ ಬೆಂದಿದೆ."

ಸುಗಂಧಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳ ಬಾಯಿಂದ ಬಂದದ್ದು ಅಳುವಲ್ಲ, ಬೈಗುಳ. "ನಿಮಗೆ ಯಾರು ಹೇಳಿದ್ದು? ಆ ಹುಡುಗಿ ಗುರುತು ಮಾಡಿ ಕೊಟ್ಟಿದ್ದಳಲ್ಲ! ಸುಮ್ಮನೆ ಕೂತುಕೊಂಡಿದ್ದರೆ ಸಾಕಿತ್ತಲ್ಲ ನೀವು! ಹುಳ ತಿಂದು ಅರ್ಧವಾದರೂ ಉಳಿಯುತ್ತಿತ್ತು, ಹುಳದಷ್ಟೂ ದಯೆ ಇಲ್ಲವಾ ನಿಮಗೆ?" ಇಷ್ಟು ವರ್ಷ ಆಡದೆ ಇಟ್ಟ ಮಾತುಗಳೂ ಅದರ ಜೊತೆ ಬಂದವು. ಅಡುಗೆಮನೆಯ ಬಾಗಿಲಲ್ಲಿ ನಿಂತ ಚೈತಾಲಿ ಕಿವಿ ಮುಚ್ಚಿಕೊಂಡಳು. ಭೋಜ ಸುಲಿದ ಕಾಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದರು.

ಮಧ್ಯಾಹ್ನ ಮಳೆಯಲ್ಲೇ ಸುಗಂಧಿ ಹೊಳೆಯಾಚೆ ಇಮ್ಯಾನುಯೆಲ್‌ರ ಮನೆಗೆ ಹೋದಳು. ಹಿಂದೆ ಅವರಿಗೆ ಹೊಳೆಕಜೆಯ ಬಿತ್ತು ಕೊಟ್ಟವಳು ಅವಳೇ. ಇಮ್ಯಾನುಯೆಲ್ ಮಲಗಿದ್ದರು, ಹೆಂಡತಿ ತೆರೆಸಾ ಹೊರಗೆ ಬಂದರು.

"ಒಂದು ಸೇರು ಇದ್ದರೂ ಸಾಕು ತೆರೆಸಾಬಾಯಿ. ಅರ್ಧ ಸೇರು."

"ಎಲ್ಲಿಂದ ತರಲಿ ಸುಗಂಧಿಯಕ್ಕ? ಇವರಿಗೆ ಆಗುವುದಿಲ್ಲ ಅಂತ ಗದ್ದೆ ಬಿಟ್ಟೆವಲ್ಲ. ಕೊನೆಗೆ ಉಳಿದದ್ದನ್ನು ನಮ್ಮ ಚರ್ಚಿನ ಮೊಂತಿ ಹಬ್ಬಕ್ಕೆ ಮಿಲ್ಲು ಮಾಡಿಸಿ ಉಂಡೆವು. ನಿಮ್ಮಲ್ಲಿ ಉಂಟಲ್ಲ, ಬೇಕಾದಾಗ ಕೇಳುವಾ ಅಂತ ಇವರು ಹೇಳಿದರು." ತೆರೆಸಾ ಕಾಫಿ ಕುಡಿದು ಹೋಗಿ ಎಂದರು. ಸುಗಂಧಿಗೆ ಕೂರುವುದಕ್ಕಾಗಲಿಲ್ಲ. ಇನ್ನೆರಡು ಮನೆ ಕೇಳಿದಳು. ಎಲ್ಲರ ಉತ್ತರವೂ ಅದೇ: ನಿಮ್ಮಲ್ಲಿ ಉಂಟಲ್ಲ.

ಸಂಜೆ ಸುಕೇಶನ ಫೋನು ಬಂತು. ಮಳೆ ಜೋರುಂಟಲ್ಲ ದೊಡ್ಡಮ್ಮ, ಕೆಲಸ ಶುರುವಾಯ್ತಾ, ನಾಡಿದ್ದು ಆ ಕಡೆ ಬರಲಿಕ್ಕುಂಟು, ಗದ್ದೆ ನೋಡಿ ಹೋಗ್ತೇನೆ ಎಂದ. ಸುಗಂಧಿ "ಬಾ" ಎಂದು ಇಟ್ಟಳು. ಚೀಲದ ಬಾಯಿಯನ್ನು ಮತ್ತೆ ಕಟ್ಟುತ್ತ, "ನಾಳೆ ಟಿಲ್ಲರಿನವನು ಬರಲಿ. ಬಿತ್ತುವಾ" ಎಂದಳು.

"ಏನನ್ನು ಬಿತ್ತುವುದಮ್ಮ?" ಎಂದಳು ಚೈತಾಲಿ.

"ಇರುವುದನ್ನು."

"ಅಮ್ಮಾ, ಒಂದು ವಾರದಲ್ಲಿ ಗೊತ್ತಾಗ್ತದೆ. ಹಸಿರು ಬರುವುದಿಲ್ಲ."

"ಬರದಿದ್ದರೆ ಬರದ ದಿನ ತುಂಬಿಸಲಿ. ಅಲ್ಲಿವರೆಗೆ ನನ್ನ ಗದ್ದೆ ಹಡಿಲು ಅಂತ ಯಾರೂ ಹೇಳ್ಬಾರದು."

ಒಂದು ವಾರಕ್ಕೋಸ್ಕರ ಹೀಗೆ ಮೋಸ ಮಾಡುವುದರಲ್ಲಿ ಏನು ಸಿಕ್ಕುತ್ತದೆಂದು ಚೈತಾಲಿ ಕೇಳಬಹುದಿತ್ತು. ಸಾಯುವವರಿಗೆ ಕೊನೆಗೆ ಹಾಕಲೆಂದು ಗ್ಲೂಕೋಸ್ ಬಾಟಲಿ ಕೊಂಡೊಯ್ಯುವವರನ್ನು ಅಂಗಡಿಯಲ್ಲಿ ದಿನವೂ ನೋಡುವವಳು ಅವಳು, ಅದಕ್ಕೆ ಕೇಳಲಿಲ್ಲ.

ಟಿಲ್ಲರು ಬಂತು, ಕೆಸರು ಹದವಾಯಿತು. ಗದ್ದೆಯ ಮೂಲೆಯಲ್ಲಿ ನೇಜಿಗೆಂದು ಒಂದು ಮಡಿ ಮಟ್ಟ ಮಾಡಿ ನೀರು ಬಸಿದರು. ಸುಗಂಧಿ ಸೊಂಟಕ್ಕೆ ಬುಟ್ಟಿ ಇಟ್ಟುಕೊಂಡು ಇಳಿದಳು. ಬಿತ್ತುವ ಮೊದಲು ಯಾವಾಗಲೂ ಮಾಡುವ ಹಾಗೆ ಮೂಡಣ ಮುಖ ಮಾಡಿ ಕೈ ಮುಗಿದಳು. ಯಾರ ಹತ್ತಿರ ಏನು ಕೇಳಿಕೊಂಡಳೋ. ಆಮೇಲೆ ಹಿಡಿ ಹಿಡಿಯಾಗಿ ಬೆಂದ ಭತ್ತವನ್ನು, ಒಂದು ಕಡೆ ದಟ್ಟ ಒಂದು ಕಡೆ ತೆಳುವಾಗದ ಹಾಗೆ, ಅಷ್ಟೇ ಜಾಗ್ರತೆಯಿಂದ ಚೆಲ್ಲಿದಳು. ಭೋಜ ಗದ್ದೆಯಂಚಿನ ಹುಣಿಯ ಮೇಲೆ ನಿಂತಿದ್ದರು. ಹಿಂದಿನ ದಿನ ಬೈದ ಮೇಲೆ ಅಣ್ಣ ತಂಗಿಯರ ನಡುವೆ ಮಾತಿರಲಿಲ್ಲ.

ಮರುದಿನ ಸುಕೇಶ ಬಂದ. ಬೈಕು ನಿಲ್ಲಿಸಿ, ಪ್ಯಾಂಟು ಮಡಚಿ, ಹುಣಿಯ ಮೇಲೆ ನಡೆದು ಬಂದು ಮಡಿ ನೋಡಿದ.

"ಬಿತ್ತಿಯಾಯ್ತಾ ದೊಡ್ಡಮ್ಮ? ಒಳ್ಳೇದಾಯ್ತು" ಎಂದ. ಅವನ ಮುಖದಲ್ಲಿ ಬೇಸರವೂ ಇತ್ತು, ಆದರೆ ಹೇಳಿದ್ದು ಸುಳ್ಳಲ್ಲ. "ಅಮ್ಮ ಇದ್ದಾಗ ನಾನೂ ಇಲ್ಲಿ ಹಕ್ಕಿ ಓಡಿಸಿದ್ದೇನೆ. ಈ ವರ್ಷ ಹೊಸ ಅಕ್ಕಿ ನನಗೂ ಸ್ವಲ್ಪ ಕೊಡಿ, ಆಯ್ತಾ?"

"ಕೊಡ್ತೇನೆ" ಎಂದಳು ಸುಗಂಧಿ. ಆ ಒಂದು ಮಾತು ಹೇಳುವುದಕ್ಕೆ ಅವಳು ಎಷ್ಟು ಸತ್ತಳೆಂದು ಅವನಿಗೆ ತಿಳಿಯಲಿಲ್ಲ. ಬೈಕಿನ ಸದ್ದು ರೈಲ್ವೆ ಸ್ಟೇಷನ್ನಿನ ಕಡೆ ದೂರವಾದ ಮೇಲೆ ಹುಣಿಯ ಮೇಲೇ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮಳೆ ಸ್ವಲ್ಪ ಬಿಟ್ಟಿತು. ಪಾರಿವಾಳಗಳು ಬಂದವು, ಹಿಂದೆಯೇ ಗುಬ್ಬಿಗಳು. ಸುತ್ತ ಎಲ್ಲೂ ಬಿತ್ತನೆ ಇಲ್ಲದ ಕಾರಣ ಊರಿನ ಹಕ್ಕಿಗಳೆಲ್ಲ ಆ ಒಂದು ಮಡಿಗೇ ಇಳಿದವು. ಭೋಜ ಹುಣಿಯಿಂದ ಕೆಳಗಿಳಿದರು. ಮೊಣಕಾಲವರೆಗೆ ಕೆಸರು, ನೋಯುವ ಮಂಡಿಯನ್ನು ಕೈಯಿಂದ ಎತ್ತಿ ಎತ್ತಿ ಇಡಬೇಕಾಗಿತ್ತು. "ಹೋ! ಹೋ!" ಎಂದು ಕೂಗುತ್ತ ಚಪ್ಪಾಳೆ ತಟ್ಟಿದರು. ಹಕ್ಕಿಗಳು ಎದ್ದು ಆ ಬದಿಗೆ ಇಳಿದವು. ಅವರು ಆ ಬದಿಗೆ ಹೋದರು. ಹಕ್ಕಿಗಳು ಈ ಬದಿಗೆ ಬಂದವು.

ಸುಗಂಧಿ ನೋಡುವಷ್ಟು ನೋಡಿದಳು.

"ಬಿಡಿ ಅಣ್ಣ. ಅವುಗಳಾದರೂ ತಿನ್ನಲಿ."

ಅವರು ಬಿಡಲಿಲ್ಲ. ಕೆಸರಿನ ಉಂಡೆ ಮಾಡಿ ಎಸೆದರು. ತೋಳು ಅಷ್ಟು ದೂರಕ್ಕೆ ಬರಲಿಲ್ಲ, ಉಂಡೆ ಅರ್ಧದಲ್ಲೇ ಬಿತ್ತು. ಮತ್ತೆ ಬಗ್ಗಿದರು.

"ಅದು ಹುಟ್ಟುವುದಿಲ್ಲ ಅಣ್ಣ. ನಿಮಗೆ ಗೊತ್ತುಂಟಲ್ಲ?"

"ಗೊತ್ತುಂಟು" ಎಂದರು ಭೋಜ. ಇನ್ನೊಂದು ಹಿಡಿ ಕೆಸರು ತೆಗೆದುಕೊಂಡು, ಹಕ್ಕಿಗಳು ಕೂತ ಕಡೆ ನಡೆದರು.